ಬಿಜಾಪುರದ ಕೊನೆಯ ಸರದಾರ, ಸವಣೂರಿನ ಮೂಲಪುರುಷ

ಅಬ್ದುಲ್ ರೌಫ್ ಖಾನ್ ಮಿಯಾನ 17ನೆಯ ಶತಮಾನದ ಉತ್ತರಾರ್ಧದಲ್ಲಿ ಬಿಜಾಪುರದ ಆದಿಲಶಾಹಿ ದರಬಾರಿನಲ್ಲಿದ್ದ ಪಠಾಣ ಸರದಾರ. 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನ ದಂಡು ಬಿಜಾಪುರವನ್ನು ಗೆದ್ದಾಗ, ಕೋಟೆಯೊಳಗೆ ಸುಲ್ತಾನನ ಪರವಾಗಿ ಉಳಿದಿದ್ದ ಇಬ್ಬರು ಮುಖ್ಯ ಸೇನಾನಿಗಳಲ್ಲಿ ಒಬ್ಬನು ಅವನು. ಇನ್ನೊಬ್ಬನು ಶರ್ಜಾ ಖಾನ್. ಕೋಟೆ ಒಪ್ಪಿಸುವ ಮಾತುಕತೆಗೆ ಮೊದಲು ಆಳು ಕಳಿಸಿದವರೂ ಇವರೇ. ಸುಲ್ತಾನನ ರಾಜ್ಯ ಅಲ್ಲಿಗೆ ಮುಗಿಯಿತು. ಆದರೆ ಮೊಗಲರ ಸೇವೆಗೆ ಸೇರಿದ ಅಬ್ದುಲ್ ರೌಫನಿಗೆ ಬಂಕಾಪುರ, ತೊರಗಲ್ಲು, ಅಜಂನಗರ ಎಂಬ ಮೂರು ಸರ್ಕಾರುಗಳ 22 ಮಹಾಲುಗಳು ಜಹಗೀರಾಗಿ ಬಂದವು. ಸವಣೂರು ನವಾಬರ ಆಳಿಕೆ ಶುರುವಾದದ್ದು ಈ ಜಹಗೀರಿನಿಂದ. ಅದು ಕುಗ್ಗುತ್ತ ಕುಗ್ಗುತ್ತ 1948ರವರೆಗೆ ನಡೆಯಿತು. ಇಂದಿನ ಹಾವೇರಿ ಜಿಲ್ಲೆಯ ಎರಡೂವರೆ ಶತಮಾನದ ಇತಿಹಾಸ ತಿಳಿಯಬೇಕಾದರೆ ಬಿಜಾಪುರದ ಕೋಟೆಯಲ್ಲಿ ಕಳೆದ ಆ ಕೊನೆಯ ದಿನಗಳನ್ನು ತಿಳಿಯಬೇಕು.

ಮಿಯಾನ ಎಂಬುದು ಅಫಘಾನರ ಒಂದು ಕುಲದ ಹೆಸರು. ಈ ಮನೆತನ ದಖ್ಖನಿಗೆ ಬಂದದ್ದು 1630ರ ಸುಮಾರಿಗೆ. ಮೊಗಲ್ ಬಾದಶಹ ಶಹಜಹಾನನ ವಿರುದ್ಧ ದಂಗೆಯೆದ್ದ ಖಾನ್ ಜಹಾನ್ ಲೋದಿಯ ಜೊತೆಗಿದ್ದ ಪಠಾಣ ಸರದಾರರಲ್ಲಿ ಬಹಲೋಲ್ ಖಾನ್ ಮಿಯಾನನೂ ಒಬ್ಬ. ದಂಗೆ ಅಡಗಿದ ಮೇಲೆ ಅವನು ದಕ್ಷಿಣದಲ್ಲೇ ಉಳಿದ. ಅಹಮದನಗರದ ನಿಜಾಮಶಾಹಿ ಅಳಿವಿನಂಚಿನಲ್ಲಿದ್ದ ಕಾಲವದು. ಆಳು, ಕುದುರೆ, ಶಸ್ತ್ರ ಇದ್ದ ನಾಯಕನಿಗೆ ಬಿಜಾಪುರದಲ್ಲಿ ಸುಲಭವಾಗಿ ಚಾಕರಿ ಸಿಗುತ್ತಿತ್ತು. ಹೀಗೆ ಬಂದ ಮಿಯಾನರು ಎರಡು ತಲೆಮಾರುಗಳಲ್ಲಿ ಆದಿಲಶಾಹಿಯ ಅತಿ ದೊಡ್ಡ ಪಠಾಣ ಪಡೆಯ ಒಡೆಯರಾದರು. ‘ಬಹಲೋಲ್ ಖಾನ್’ ಎಂಬುದು ಮನೆತನದ ಬಿರುದಿನಂತೆ ಒಬ್ಬರಿಂದೊಬ್ಬರಿಗೆ ನಡೆದುಬಂತು. ಅಬ್ದುಲ್ ರೌಫ್ ಈ ಬಿರುದು ಹೊತ್ತ ಅಬ್ದುಲ್ ಕರೀಮ್ ಖಾನನ ಮಗನೆಂದು ಸವಣೂರಿನ ವಂಶಾವಳಿ ಹೇಳುತ್ತದೆ.

ಮಿಯಾನರ ಹೆಸರಿನೊಂದಿಗೆ ಬಂಕಾಪುರ ಜೋಡಣೆಯಾದದ್ದೂ ಈ ಕಾಲದಲ್ಲೇ. ರಾಣೆಬೆನ್ನೂರಿನಿಂದ ಮೋಟೆಬೆನ್ನೂರು, ಹಾವೇರಿ ದಾಟಿ ಹುಬ್ಬಳ್ಳಿಯ ಕಡೆ ಹೋಗುವ ಇಂದಿನ ಹೆದ್ದಾರಿಯ ಪಕ್ಕದಲ್ಲೇ ಇರುವ ಈ ಊರು ಆಗಿನ ಕಾಲಕ್ಕೆ ಇಡೀ ಸೀಮೆಯ ಕೀಲಿಕೈ. ರಾಷ್ಟ್ರಕೂಟರ ಸಾಮಂತ ಬಂಕೆಯನಿಂದ ಹೆಸರು ಪಡೆದು, ಚಾಲುಕ್ಯರ ಕಾಲದ 66 ಕಂಬಗಳ ನಗರೇಶ್ವರ ಗುಡಿಯನ್ನು ಕೋಟೆಯೊಳಗಿಟ್ಟುಕೊಂಡ ಬಂಕಾಪುರವನ್ನು ಬಿಜಾಪುರದವರು 1570ರ ದಶಕದಲ್ಲಿ, ವಿಜಯನಗರ ಬಿದ್ದ ಮೇಲೆ, ದೀರ್ಘ ಮುತ್ತಿಗೆ ಹಾಕಿ ಗೆದ್ದರು. ಉತ್ತರಕ್ಕೆ ಜೋಳ, ಹತ್ತಿ ಬೆಳೆಯುವ ಎರೆಭೂಮಿ. ಪಶ್ಚಿಮಕ್ಕೆ ಹಾನಗಲ್ಲಿನ ಕೆರೆ, ಗದ್ದೆಗಳ ಸೀಮೆ. ದಕ್ಷಿಣಕ್ಕೆ ಕೆಳದಿ ನಾಯಕರ ಮಲೆನಾಡು. ಕೆಳದಿಯ ಮೇಲೆ ದಂಡೆತ್ತಿ ಹೋಗುವ ಬಿಜಾಪುರದ ಸೈನ್ಯ ಇಲ್ಲಿ ಬೀಡುಬಿಡುತ್ತಿತ್ತು. 1663ರಲ್ಲಿ ಎರಡನೆಯ ಅಲಿ ಆದಿಲಶಹ ಕೆಳದಿ ನಾಯಕರ ಬಿದನೂರಿನ ಮೇಲೆ ಹೊರಟಾಗ ಸ್ವತಃ ಬಂಕಾಪುರಕ್ಕೆ ಬಂದಿದ್ದ. ಅದೇ ದಂಡಯಾತ್ರೆಯಲ್ಲಿದ್ದ ಶಿವಾಜಿಯ ತಂದೆ ಶಹಾಜಿ 1664ರ ಜನವರಿಯಲ್ಲಿ ಚನ್ನಗಿರಿ ಹತ್ತಿರದ ಹೊದಿಗೆರೆಯಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ತೀರಿಕೊಂಡ.

ಅಬ್ದುಲ್ ರೌಫನ ರಾಜಕೀಯ ಜೀವನಕ್ಕೆ ಹಿನ್ನೆಲೆಯಾದದ್ದು ಬಿಜಾಪುರದ ಒಳಜಗಳ. 1672ರ ನವೆಂಬರ್ 24ರಂದು ಎರಡನೆಯ ಅಲಿ ಆದಿಲಶಹ ತೀರಿಕೊಂಡ. ಪಟ್ಟಕ್ಕೆ ಬಂದ ಮಗ ಸಿಕಂದರನಿಗೆ ಆಗ ನಾಲ್ಕು ವರ್ಷ. ಅರಸು ಮಗುವಾದಾಗ ಆಳುವವರು ಯಾರು ಎಂಬ ಪ್ರಶ್ನೆಗೆ ದರಬಾರಿನಲ್ಲಿ ಎರಡು ಉತ್ತರಗಳಿದ್ದವು. ಒಂದು ಕಡೆ ಖವಾಸ್ ಖಾನನ ಮುಂದಾಳುತನದಲ್ಲಿ ದಖ್ಖನಿಗಳು ಮತ್ತು ಹಬಶಿಗಳು, ಅಂದರೆ ಇಲ್ಲೇ ಬೇರುಬಿಟ್ಟ ಮುಸ್ಲಿಂ ಸರದಾರರು ಹಾಗೂ ಅಬಿಸೀನಿಯಾ ಮೂಲದವರು. ಇನ್ನೊಂದು ಕಡೆ ಅಬ್ದುಲ್ ಕರೀಮ್ ಬಹಲೋಲ್ ಖಾನನ ಪಠಾಣರು. ಖವಾಸ್ ಖಾನ್ ರಾಜ್ಯದ ಕಾರಭಾರಿಯಾದ. ಬಹಲೋಲ್ ಖಾನ್ ಸೇನೆಯನ್ನು ಕೈಯಲ್ಲಿಟ್ಟುಕೊಂಡ.

ಆ ಸೇನೆಗೆ ಬಿಡುವಿರಲಿಲ್ಲ. ಶಿವಾಜಿಯ ಬಲ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು. 1673ರ ಏಪ್ರಿಲ್‌ನಲ್ಲಿ ಉಮರಾಣಿಯಲ್ಲಿ ಮರಾಠರು ಬಹಲೋಲ್ ಖಾನನನ್ನು ನೀರು ಸಿಗದಂತೆ ಸುತ್ತುಗಟ್ಟಿದರು. ಸೇನಾಪತಿ ಪ್ರತಾಪರಾವ್ ಗುಜರ್ ಅವನನ್ನು ಹೋಗಗೊಟ್ಟ. ಅದಕ್ಕಾಗಿ ಶಿವಾಜಿಯ ಸಿಟ್ಟಿಗೆ ಗುರಿಯಾದ ಪ್ರತಾಪರಾವ್ ಮರುವರ್ಷ ಫೆಬ್ರವರಿಯಲ್ಲಿ ನೇಸರಿಯಲ್ಲಿ ಅದೇ ಬಹಲೋಲನ ಪಡೆಯ ಮೇಲೆ ಬೆರಳೆಣಿಕೆಯ ಸವಾರರೊಂದಿಗೆ ನುಗ್ಗಿ ಪ್ರಾಣ ಕಳೆದುಕೊಂಡ. 1673ರಲ್ಲೇ ಮರಾಠರ ದಂಡು ಹುಬ್ಬಳ್ಳಿಯ ಪೇಟೆಯನ್ನು ಸೂರೆ ಮಾಡಿತು. ಅಲ್ಲಿದ್ದ ಇಂಗ್ಲಿಷ್ ವ್ಯಾಪಾರಿಗಳ ಕೋಠಿಯೂ ಉಳಿಯಲಿಲ್ಲ. ಬಂಕಾಪುರದ ಸೀಮೆಗೂ ಆ ವರ್ಷ ದಾಳಿಯ ಬಿಸಿ ತಟ್ಟಿತು. ಗಡಿಯಲ್ಲಿ ಬೆಂಕಿ ಹತ್ತಿರುವಾಗಲೇ ರಾಜಧಾನಿಯಲ್ಲಿ ಸರದಾರರು ಒಬ್ಬರ ಮೇಲೊಬ್ಬರು ಕತ್ತಿ ಮಸೆಯುತ್ತಿದ್ದರು.

1675ರ ನವೆಂಬರ್ 11ರಂದು ಬಹಲೋಲ್ ಖಾನ್ ಖವಾಸ್ ಖಾನನನ್ನು ಔತಣದ ನೆಪದಲ್ಲಿ ಸೆರೆಹಿಡಿದು ಬಂಕಾಪುರದ ಕೋಟೆಗೆ ಕಳಿಸಿದ. ರಾಜ್ಯದ ಆಡಳಿತವನ್ನೇ ಕೈಗೆತ್ತಿಕೊಂಡ. ಎರಡು ತಿಂಗಳು ಕಳೆಯುವಷ್ಟರಲ್ಲಿ ಬಹಲೋಲನ ಬಲಗೈಯಂತಿದ್ದ ಖಿಜರ್ ಖಾನನನ್ನು ಒಬ್ಬ ದಖ್ಖನಿ ಇರಿದು ಕೊಂದ. ಅದಕ್ಕೆ ಪ್ರತೀಕಾರವಾಗಿ ಸೆರೆಯಲ್ಲಿದ್ದ ಖವಾಸ್ ಖಾನನ ತಲೆ ಉರುಳಿತು. ಇಲ್ಲಿಂದ ದಖ್ಖನಿಗಳಿಗೂ ಪಠಾಣರಿಗೂ ಬಹಿರಂಗ ಕಾಳಗ ಹತ್ತಿತು. ಶರ್ಜಾ ಖಾನನಂಥ ದಖ್ಖನಿ ಸರದಾರರು ಆಗ ಮೊಗಲರ ಆಸರೆ ಹುಡುಕಿದರು. ಮುಂದೆ ಹತ್ತು ವರ್ಷಕ್ಕೆ ಇದೇ ಶರ್ಜಾ ಖಾನ್ ಮತ್ತು ಪಠಾಣ ಮನೆತನದ ಅಬ್ದುಲ್ ರೌಫ್ ಒಂದೇ ಕೋಟೆಯನ್ನು ಹೆಗಲುಕೊಟ್ಟು ಕಾಯಬೇಕಾಯಿತು.

1677ರ ಡಿಸೆಂಬರ್ 23ರಂದು ಬಹಲೋಲ್ ಖಾನ್ ತೀರಿಕೊಂಡಾಗ ಸೈನಿಕರ ಸಂಬಳ ದೊಡ್ಡ ಮೊತ್ತದಲ್ಲಿ ಬಾಕಿಯಿತ್ತು. ಅಧೋನಿಯ ಜಹಗೀರುದಾರ ಸಿದ್ದಿ ಮಸೂದ್ 1678ರ ಫೆಬ್ರವರಿಯಲ್ಲಿ ಕಾರಭಾರ ವಹಿಸಿಕೊಂಡ. ಪಠಾಣ ಪಡೆಯ ಬಾಕಿ ತೀರಿಸುವ ಮಾತಾಯಿತೇ ಹೊರತು ಹಣ ಪೂರ್ತಿ ಕೈಸೇರಲಿಲ್ಲ. ಕೆಲಸ ಕಳೆದುಕೊಂಡ ಸಿಪಾಯಿಗಳು ತಮ್ಮ ಬಾಕಿಗಾಗಿ ತೀರಿಹೋದ ಒಡೆಯನ ಮನೆಯವರನ್ನೇ ಪೀಡಿಸಿದರು. ಅಬ್ದುಲ್ ರೌಫ್ ಬೆಳೆದುಬಂದದ್ದು ಇಂಥ ಮನೆಯಿಂದ: ಹೆಸರು ದೊಡ್ಡದು, ಪಡೆ ಚದುರಿದೆ, ಬೊಕ್ಕಸ ಬರಿದು. ಸಿಪಾಯಿಗೆ ತಿಂಗಳ ಸಂಬಳ ಕೊಡಲಾರದ ಸರದಾರನ ಮಾತಿಗೆ ಬೆಲೆಯಿಲ್ಲ ಎಂಬುದನ್ನು ಮಿಯಾನರಷ್ಟು ಹತ್ತಿರದಿಂದ ಕಂಡವರು ಆ ದರಬಾರಿನಲ್ಲಿ ಕಡಿಮೆ.

1679ರಲ್ಲಿ ಮೊಗಲ್ ಸೇನಾನಿ ದಿಲೇರ ಖಾನ್ ಬಿಜಾಪುರದ ಬಾಗಿಲವರೆಗೆ ಬಂದು ಗೆಲ್ಲಲಾರದೆ ಹಿಂತಿರುಗಿದ. ಜಗಳ ಬಗೆಹರಿಸಲಾಗದೆ ಬೇಸತ್ತ ಸಿದ್ದಿ ಮಸೂದ್ 1683ರ ನವೆಂಬರಿನಲ್ಲಿ ಕಾರಭಾರ ಬಿಟ್ಟು ಅಧೋನಿಗೆ ಹೊರಟುಹೋದ. ಸೇನೆಯ ಹೊಣೆ ಶರ್ಜಾ ಖಾನನಿಗೆ ಬಂತು. ಅಷ್ಟರಲ್ಲಿ ಔರಂಗಜೇಬ್ ದಖ್ಖನಿಗೇ ಬಂದು ಬೀಡುಬಿಟ್ಟಿದ್ದ. ಮರಾಠ ರಾಜ ಸಂಭಾಜಿಯ ವಿರುದ್ಧ ಸಹಾಯ ಮಾಡಬೇಕು, ಶರ್ಜಾ ಖಾನನನ್ನು ಹೊರಹಾಕಬೇಕು ಎಂಬ ಅವನ ಬೇಡಿಕೆಗಳನ್ನು ಸಿಕಂದರ್ ಒಪ್ಪಲಿಲ್ಲ. 1685ರ ಏಪ್ರಿಲ್ 1ರಂದು ಮೊಗಲರು ಬಿಜಾಪುರದ ಮುತ್ತಿಗೆಗೆ ಕಂದಕ ತೋಡಲಾರಂಭಿಸಿದರು.

ಮುತ್ತಿಗೆ ಹದಿನೇಳು ತಿಂಗಳು ನಡೆಯಿತು. ಸುಮಾರು ಹತ್ತು ಕಿಲೋಮೀಟರು ಸುತ್ತಳತೆಯ ಕೋಟೆಗೋಡೆ, ಅದರ ಹೊರಗೆ ಆಳವಾದ ಕಂದಕ, ಬುರುಜಿನ ಮೇಲೆ ಮಲಿಕ್-ಎ-ಮೈದಾನದಂಥ ಭಾರಿ ತೋಪು. ಮೊದಲಿನ ತಿಂಗಳುಗಳಲ್ಲಿ ಹೊರಗಿನಿಂದ ನೆರವೂ ಬಂತು. ಬೇಡ ನಾಯಕ ಪಾಮ ನಾಯಕ ಕಾಲಾಳುಗಳನ್ನು ಕಳಿಸಿದ. ಅಧೋನಿಯಿಂದ ಸಿದ್ದಿ ಮಸೂದನ ಪಡೆ, ಗೋಲ್ಕೊಂಡದಿಂದ ಕುತುಬಶಾಹಿ ಪಡೆ, ಸಂಭಾಜಿಯಿಂದ ಮರಾಠ ಪಡೆ ಬಂದವು. ಯುವರಾಜ ಅಜಂಶಹನ ಮೊಗಲ್ ಪಾಳೆಯದಲ್ಲಿ ಕಾಳಿನ ಬೆಲೆ ಗಗನಕ್ಕೇರಿ ಹಸಿವು ಹಬ್ಬಿತು. ಸೇನಾನಿ ಗಾಜಿಉದ್ದೀನ್ ಖಾನ್ ಫಿರೋಜ್ ಜಂಗ್ ಎತ್ತುಗಳ ಮೇಲೆ ಧಾನ್ಯ ಹೇರಿಸಿಕೊಂಡು ದಾರಿಯುದ್ದಕ್ಕೂ ಕಾದಾಡಿ ತಲುಪಿದ ಮೇಲೆಯೇ ಪಾಳೆಯ ಉಸಿರಾಡಿದ್ದು.

1686ರ ಜುಲೈ 3ರಂದು ಔರಂಗಜೇಬ್ ತಾನೇ ಬಂದು ನಗರದ ಹೊರಗಿನ ರಸೂಲಪುರದಲ್ಲಿ ಡೇರೆ ಹಾಕಿದ. ಕಂದಕವನ್ನು ಮಣ್ಣಿನಿಂದ ತುಂಬುವುದು ದೊಡ್ಡ ಕೆಲಸವಾಯಿತು. ಬುರುಜಿನಿಂದ ಬೀಳುವ ಗುಂಡಿನ ನಡುವೆ ಬುಟ್ಟಿ ಹೊತ್ತು ಹೋಗಿ ಮಣ್ಣು ಸುರಿದುಬಂದವರಿಗೆ ಬುಟ್ಟಿಗಿಷ್ಟೆಂದು ಹಣ ಕೊಡಲಾಯಿತು. ಕೋಟೆಯ ಒಳಗಿನ ಸ್ಥಿತಿ ಇನ್ನೂ ಘೋರ. ಮಳೆ ಹೋಗಿತ್ತು, ಬರ ಬಿದ್ದಿತ್ತು. ಜನವೂ ಜಾನುವಾರುಗಳೂ ಲೆಕ್ಕವಿಲ್ಲದಷ್ಟು ಸತ್ತವು. ಕುದುರೆಗಳು ಸತ್ತದ್ದರಿಂದ ದಖ್ಖನಿನ ಸೈನ್ಯ ತನಗೆ ಗೊತ್ತಿದ್ದ ಯುದ್ಧವನ್ನೇ ಮಾಡಲಾರದಾಯಿತು: ಶತ್ರುವಿನ ಸುತ್ತ ಸುಳಿದು, ಸಾಮಾನು ಸಾಗಣೆ ಕಡಿದು, ಮಿಂಚಿನಂತೆ ಮರೆಯಾಗುವ ಕುದುರೆ ಯುದ್ಧ. ನಗರದ ಮೌಲ್ವಿಗಳ ನಿಯೋಗವೊಂದು ಹೊರಬಂದು, ಮುಸಲ್ಮಾನ ದೊರೆಯ ಮೇಲೆ ಮುಸಲ್ಮಾನ ಬಾದಶಹ ಯುದ್ಧ ಮಾಡುವುದು ತರವಲ್ಲವೆಂದು ಔರಂಗಜೇಬನ ಮುಂದೆ ಹೇಳಿತು. ಫಲ ಸಿಗಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಕೋಟೆ ಕಾಯಲು ಉಳಿದಿದ್ದವರು ಸುಮಾರು ಎರಡು ಸಾವಿರ ಮಂದಿ.

ಸೆಪ್ಟೆಂಬರ್ 9ರ ರಾತ್ರಿ ಅಬ್ದುಲ್ ರೌಫ್ ಮತ್ತು ಶರ್ಜಾ ಖಾನರ ಇಬ್ಬರು ಕಾರ್ಯದರ್ಶಿಗಳು ಫಿರೋಜ್ ಜಂಗನ ಡೇರೆಗೆ ಬಂದರು. ಕೋಟೆ ಒಪ್ಪಿಸುವ ಷರತ್ತುಗಳನ್ನು ಮಾತಾಡಬೇಕೆಂದು ಕೇಳಿಕೊಂಡರು. ಮಾತು ಮುಗಿಯಲು ಎರಡು ದಿನ ಸಾಕಾಯಿತು. ಸೆಪ್ಟೆಂಬರ್ 12ರ ಭಾನುವಾರ ಮಧ್ಯಾಹ್ನ ಹದಿನೆಂಟು ವರ್ಷದ ಸಿಕಂದರ್ ಆದಿಲಶಹ ಕೋಟೆಯಿಂದ ಹೊರಟ. ಬೀದಿಯ ಎರಡೂ ಬದಿಗೆ ನೆರೆದ ಜನ ಅಳುತ್ತಿದ್ದರು. ರಸೂಲಪುರದ ದರಬಾರು ಡೇರೆಯಲ್ಲಿ ಔರಂಗಜೇಬ್ ಅವನನ್ನು ಸಿಂಹಾಸನದ ಬಲಕ್ಕೆ ಕೂರಿಸಿ, ಉಡುಗೊರೆ ಕೊಟ್ಟು, ‘ಖಾನ್’ ಎಂಬ ಪದವಿಯನ್ನೂ ವರ್ಷಕ್ಕೆ ಒಂದು ಲಕ್ಷ ರೂಪಾಯಿಯ ನಿವೃತ್ತಿವೇತನವನ್ನೂ ಗೊತ್ತುಮಾಡಿದ. ನಿನ್ನೆಯವರೆಗೆ ಸುಲ್ತಾನನಾಗಿದ್ದವನು ಅಂದಿನಿಂದ ಬಾದಶಹನ ಉಂಬಳಿದಾರ. ಸುಮಾರು ಎರಡು ನೂರು ವರ್ಷ ಆಳಿದ ಆದಿಲಶಾಹಿ ಅಲ್ಲಿಗೆ ಕೊನೆಯಾಯಿತು.

ಸರದಾರರಿಗೂ ಆಗಲೇ ಪದವಿಗಳು ಬಂದವು. ಅಬ್ದುಲ್ ರೌಫನಿಗೆ ‘ದಿಲೇರ ಖಾನ್’ ಎಂಬ ಬಿರುದು, ಶರ್ಜಾ ಖಾನನಿಗೆ ‘ರುಸ್ತುಂ ಖಾನ್’ ಎಂಬ ಬಿರುದು. ಇಬ್ಬರಿಗೂ ಆರು ಸಾವಿರದ ಮನಸಬು. ಮೊಗಲರ ಆಡಳಿತದಲ್ಲಿ ಮನಸಬು ಎಂದರೆ ಅಂಕಿಯಲ್ಲಿ ಅಳೆಯುವ ದರ್ಜೆ. ಒಂದು ಅಂಕಿ ಅಧಿಕಾರಿಯ ಸ್ಥಾನಮಾನವನ್ನೂ ಸಂಬಳವನ್ನೂ ಹೇಳುತ್ತಿತ್ತು. ಇನ್ನೊಂದು ಅವನು ಸಾಕಬೇಕಾದ ಸವಾರರ ಲೆಕ್ಕ. ಆರು ಸಾವಿರ ಎಂದರೆ ಸಾಮ್ರಾಜ್ಯದ ಮೇಲಿನ ಸಾಲಿನ ಅಮೀರರ ದರ್ಜೆ. ಸಂಬಳ ನಗದಾಗಿ ಬರುತ್ತಿದ್ದದ್ದು ಅಪರೂಪ. ಅದರ ಬದಲು ಇಷ್ಟು ಹುಟ್ಟುವಳಿಯ ಇಷ್ಟು ಪ್ರದೇಶ ಎಂದು ಜಹಗೀರು ಬರೆದುಕೊಡುತ್ತಿದ್ದರು. ಅಬ್ದುಲ್ ರೌಫನಿಗೆ ಬರೆದುಕೊಟ್ಟದ್ದು ಬಂಕಾಪುರ, ತೊರಗಲ್ಲು ಮತ್ತು ಅಜಂನಗರ, ಅಂದರೆ ಬೆಳಗಾವಿಯ, 22 ಮಹಾಲುಗಳು. ಮುಂದೆ ಅವನ ದರ್ಜೆ ಏಳು ಸಾವಿರಕ್ಕೇರಿತೆಂದು ಸವಣೂರಿನ ಚರಿತ್ರೆ ಹೇಳುತ್ತದೆ.

ಸವಣೂರು ಸಂಸ್ಥಾನದ ಆರಂಭದ ಇಸವಿ ಗ್ರಂಥದಿಂದ ಗ್ರಂಥಕ್ಕೆ ಬೇರೆಬೇರೆಯಾಗಿದೆ. ಕೆಲವು ಪಟ್ಟಿಗಳು ಅಬ್ದುಲ್ ಕರೀಮ್ ಖಾನನಿಂದ ಎಣಿಸಿ 1672 ಎನ್ನುತ್ತವೆ. ಬ್ರಿಟಿಷರ ಕಾಲದ ಗೆಜೆಟಿಯರಿನಲ್ಲಿ, ಅಬ್ದುಲ್ ರೌಫನಿಗೆ ಔರಂಗಜೇಬನಿಂದ ಸನದು ಸಿಕ್ಕಿದ್ದು 1680ರಲ್ಲಿ ಎಂದಿದೆ. ಆದರೆ ಔರಂಗಜೇಬ್ ದಖ್ಖನಿಗೆ ದಂಡೆತ್ತಿ ಬಂದದ್ದೇ 1681ರಲ್ಲಿ. ಅಬ್ದುಲ್ ರೌಫ್ 1686ರ ಸೆಪ್ಟೆಂಬರಿನವರೆಗೂ ಬಿಜಾಪುರದ ಕಡೆಯಲ್ಲಿದ್ದವನು. ಶತ್ರುವಿನ ಕೋಟೆ ಕಾಯುತ್ತಿದ್ದವನಿಗೆ ಬಾದಶಹ ಆರು ವರ್ಷ ಮೊದಲೇ ಜಹಗೀರು ಕೊಟ್ಟಿದ್ದನೆಂಬುದು ಹೊಂದುವುದಿಲ್ಲ. ಆದ್ದರಿಂದ 1672 ಮಿಯಾನರು ಬಿಜಾಪುರದ ಅಧೀನದಲ್ಲಿ ಬೇರೂರಿದ ಕಾಲವನ್ನು ಸೂಚಿಸುತ್ತದೆ ಎಂದೂ, ಮೊಗಲ್ ಜಹಗೀರು 1686ರ ನಂತರದ್ದು ಎಂದೂ ಓದುವುದು ಸರಿಯಾದ ದಾರಿ.

22 ಮಹಾಲುಗಳ ಒಡೆತನ ಎಂದರೆ ಹೊಲದ ಒಡೆತನವಲ್ಲ, ಕಂದಾಯದ ಹಕ್ಕು. ಸರ್ಕಾರು ಎಂಬುದು ಇಂದಿನ ಜಿಲ್ಲೆಯಷ್ಟು ದೊಡ್ಡ ವಿಭಾಗ. ಅದರ ಕೆಳಗೆ ಮಹಾಲು ಅಥವಾ ಪರಗಣೆ. ಅದರ ಕೆಳಗೆ ಹಳ್ಳಿ. ಮಹಾಲಿನ ಮಟ್ಟದಲ್ಲಿ ದೇಸಾಯಿ ಮತ್ತು ದೇಶಪಾಂಡೆ, ಹಳ್ಳಿಯ ಮಟ್ಟದಲ್ಲಿ ಗೌಡ ಮತ್ತು ಕುಲಕರ್ಣಿ ವಂಶಪಾರಂಪರ್ಯವಾಗಿ ಕೆಲಸ ನೋಡುತ್ತಿದ್ದರು. ಯಾವ ಹೊಲಕ್ಕೆ ಎಷ್ಟು ಆಕಾರ, ಯಾವ ಇನಾಮು ಯಾರದು, ಯಾವ ಕೆರೆಯ ನೀರು ಯಾರ ಗದ್ದೆಗೆ ಎಂಬುದು ಇವರ ಕಡತದಲ್ಲಿತ್ತು. ಬಿಜಾಪುರ ಹೋಗಿ ಮೊಗಲರು ಬಂದರೂ, ಮೊಗಲರು ಹೋಗಿ ಮರಾಠರು ಬಂದರೂ ಈ ಕಡತ ಬದಲಾಗಲಿಲ್ಲ. ಹೊಸ ಜಹಗೀರುದಾರನಿಗೆ ಬೇಕಾಗಿದ್ದದ್ದು ಈ ಮನೆತನಗಳ ಸಹಕಾರ. ಅವರಿಗೆ ಬೇಕಾಗಿದ್ದದ್ದು ತಮ್ಮ ವತನಿನ ಸನದನ್ನು ಎತ್ತಿಹಿಡಿಯುವ ಒಡೆಯ. ಮೊದಲಿನಿಂದಲೂ ಬಂಕಾಪುರದ ಸಂಬಂಧವಿದ್ದ ಮಿಯಾನರಿಗೆ ಇಲ್ಲಿನ ದೇಸಾಯಿಗಳು ಹೊಸಬರಲ್ಲ. ಉತ್ತರ ಹಿಂದುಸ್ತಾನದಿಂದ ಬಂದ ಅಮೀರನೊಬ್ಬನಿಗೆ ಸಿಗದ ಅನುಕೂಲವಿದು.

ಮೊಗಲರ ನಿಯಮದಂತೆ ಜಹಗೀರು ಒಬ್ಬನ ಕೈಯಲ್ಲಿ ಬಹುಕಾಲ ಇರುವಂಥದ್ದಲ್ಲ. ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತಿತ್ತು. ಅಧಿಕಾರಿ ಸತ್ತರೆ ಸರ್ಕಾರಕ್ಕೆ ಮರಳುತ್ತಿತ್ತು. ಬಂಕಾಪುರದ ಜಹಗೀರು ಮಾತ್ರ ಮಿಯಾನರ ಮನೆಯಲ್ಲೇ ಉಳಿದು ಮಗನಿಗೆ, ಮೊಮ್ಮಗನಿಗೆ ನಡೆಯಿತು. ಇದಕ್ಕೆ ಆ ಕಾಲದ ಪರಿಸ್ಥಿತಿಯೇ ಕಾರಣ. 1689ರಲ್ಲಿ ಸಂಭಾಜಿಯನ್ನು ಕೊಂದ ಮೇಲೆ ಮರಾಠರ ಯುದ್ಧ ಮುಗಿಯುವುದರ ಬದಲು ಇಡೀ ದಖ್ಖನಿಗೆ ಹಬ್ಬಿತು. ಅದೇ ವರ್ಷ ಅವನ ತಮ್ಮ ರಾಜಾರಾಮ ಮೊಗಲರ ಕಣ್ಣು ತಪ್ಪಿಸಿ ಜಿಂಜಿಗೆ ಹೋಗುವಾಗ ಆಸರೆ ಕೊಟ್ಟವಳು ಕೆಳದಿಯ ಚೆನ್ನಮ್ಮಾಜಿ. ಅವಳ ಸೀಮೆ ಬಂಕಾಪುರದ ಜಹಗೀರಿನ ದಕ್ಷಿಣದ ನೆರೆ. ಇಂಥ ಗಡಿಯಲ್ಲಿ ಸ್ಥಳ ಬಲ್ಲ, ಸ್ವಂತ ಪಡೆ ಇರುವ ಸರದಾರನನ್ನು ಕದಲಿಸುವುದು ಬಾದಶಹನಿಗೇ ನಷ್ಟ. 1707ರಲ್ಲಿ ಔರಂಗಜೇಬ್ ತೀರಿಕೊಂಡ ನಂತರ ದೆಹಲಿಯ ಹಿಡಿತ ಸಡಿಲವಾಗಿ, ವರ್ಗ ಮಾಡುವವರೇ ಇಲ್ಲವಾದರು.

ಅಬ್ದುಲ್ ರೌಫನ ಮನೆತನ ತನ್ನ ನೆಲೆಯನ್ನು ಬಂಕಾಪುರದಿಂದ ಹತ್ತಿರದ ಸವಣೂರಿಗೆ ಬದಲಿಸಿತು. ಬಂಕಾಪುರ ಹಳೆಯ ಕಾಲದ ಗಟ್ಟಿ ಕೋಟೆ, ದಂಡು ಇರುವ ಜಾಗ. ಸವಣೂರು ನವಾಬರ ಊರಾಗಿ ಬೆಳೆಯಿತು: ಸುತ್ತಲೂ ಗೋಡೆ, ಅಗಸಿ ಬಾಗಿಲುಗಳು, ಅರಮನೆ, ಮಸೀದಿ, ಪೇಟೆ, ಊರಿನ ಹೊರಗೆ ಎಲೆಬಳ್ಳಿಯ ತೋಟ. ಸವಣೂರಿನ ವೀಳ್ಯದೆಲೆಗೆ ಇಂದಿಗೂ ಉತ್ತರ ಕರ್ನಾಟಕದ ಪೇಟೆಗಳಲ್ಲಿ ಹೆಸರಿದೆ. ದೊಡ್ಡಹುಣಸೆ ಮಠದ ಆವರಣದಲ್ಲಿರುವ ಮೂರು ಭಾರಿ ಮರಗಳನ್ನು ಜನ ದೊಡ್ಡ ಹುಣಸೆ ಎನ್ನುತ್ತಾರೆ. ಅವು ಆಫ್ರಿಕಾ ಮೂಲದ ಬಾವೊಬಾಬ್ ಮರಗಳು. ಉತ್ತರಾದಿ ಮಠದ ಸತ್ಯಬೋಧ ತೀರ್ಥರ ಬೃಂದಾವನವೂ ಇದೇ ಊರಲ್ಲಿದೆ. ನವಾಬರ ರಾಜಧಾನಿಯಲ್ಲಿ ಮಾಧ್ವ ಯತಿಗಳ ಮಠ, ವೀರಶೈವ ಮಠ, ದರ್ಗಾ ಒಂದೇ ಊರಿನ ಗೋಡೆಗೆ ಹೊಂದಿಕೊಂಡು ಬೆಳೆದವು.

ಅಬ್ದುಲ್ ರೌಫ್ 18ನೆಯ ಶತಮಾನದ ಮೊದಲ ದಶಕಗಳಲ್ಲಿ ತೀರಿಕೊಂಡ. ಅವನು ಗಳಿಸಿದ ‘ದಿಲೇರ’ ಎಂಬ ಬಿರುದನ್ನು ಮುಂದಿನ ನವಾಬರು ‘ದಿಲೇರ ಜಂಗ್’ ಎಂದು ಹೊತ್ತರು. 1724ರಲ್ಲಿ ದಖ್ಖನಿನಲ್ಲಿ ಸ್ವತಂತ್ರವಾಗಿ ಆಳತೊಡಗಿದ ನಿಜಾಮ ಉಲ್ ಮುಲ್ಕ್ ಹೆಸರಿಗೆ ಸವಣೂರಿನ ಮೇಲಧಿಕಾರಿಯಾದ. ಅವನು ಫಿರೋಜ್ ಜಂಗನ ಮಗ. 1686ರ ಆ ರಾತ್ರಿ ಅಬ್ದುಲ್ ರೌಫನ ಆಳು ಹೋಗಿ ನಿಂತದ್ದು ಈ ನಿಜಾಮನ ತಂದೆಯ ಡೇರೆಯ ಮುಂದೆ.

ಅಬ್ದುಲ್ ರೌಫನ ನಡೆಯನ್ನು ತೂಗಲು ಅದೇ ಕಾಲದ ಬೇರೆ ಸರದಾರರನ್ನು ನೋಡಬೇಕು. ಬಿಜಾಪುರ ಬಿದ್ದ ಮರುವರ್ಷ, 1687ರ ಸೆಪ್ಟೆಂಬರಿನಲ್ಲಿ, ಗೋಲ್ಕೊಂಡ ಬಿತ್ತು. ಅಲ್ಲಿ ಅಬ್ದುಲ್ಲಾ ಪಣಿ ಎಂಬ ಪಠಾಣ ಸರದಾರ ಲಂಚ ಪಡೆದು ಕೋಟೆಯ ಬಾಗಿಲನ್ನು ರಾತ್ರಿಯಲ್ಲಿ ಶತ್ರುವಿಗೆ ತೆರೆದ. ಅದೇ ಬಾಗಿಲಿಗೆ ಇನ್ನೊಬ್ಬ ಸರದಾರ ಅಬ್ದುರ್ ರಜಾಕ್ ಲಾರಿ ಒಬ್ಬನೇ ಕುದುರೆಯೇರಿ ನುಗ್ಗಿ, ಎಪ್ಪತ್ತರಷ್ಟು ಗಾಯಗಳಾಗಿ ಬೀಳುವವರೆಗೆ ಹೋರಾಡಿದ; ಅವನ ಸ್ವಾಮಿನಿಷ್ಠೆಗೆ ಬೆರಗಾದ ಔರಂಗಜೇಬ್ ತನ್ನ ವೈದ್ಯರನ್ನೇ ಕಳಿಸಿ ಬದುಕಿಸಿದ. ಬಿಜಾಪುರದ ಹಳೆಯ ಕಾರಭಾರಿ ಸಿದ್ದಿ ಮಸೂದ್ ಅಧೋನಿಯ ಬೆಟ್ಟದ ಕೋಟೆಯಲ್ಲಿ 1688ರ ಆಗಸ್ಟ್‌ವರೆಗೆ ತಡೆದು ಶರಣಾದ. ಬಾಗಿಲು ಮಾರಿದವನ ಸಾಲಿಗೆ ಅಬ್ದುಲ್ ರೌಫ್ ಸೇರುವುದಿಲ್ಲ. ಏಕಾಂಗಿಯಾಗಿ ಕತ್ತಿ ಹಿಡಿದು ನಿಂತವನ ಸಾಲಿಗೂ ಸೇರುವುದಿಲ್ಲ. ಹದಿನೇಳು ತಿಂಗಳು ಕೋಟೆ ಕಾಯ್ದು, ಅನ್ನ, ಕುದುರೆ, ಆಳು ಮೂರೂ ಮುಗಿದ ಮೇಲೆ, ಸಹಸೇನಾನಿಯ ಜೊತೆಗೂಡಿ ಮಾತುಕತೆ ನಡೆಸಿದ. ಅದರಿಂದ ನಗರ ಕತ್ತಿಯ ಬಾಯಿಗೆ ಬೀಳುವುದು ತಪ್ಪಿತು, ಸುಲ್ತಾನನ ಜೀವ ಉಳಿಯಿತು. ತನಗೂ ಲಾಭವಾಯಿತು ಎಂಬುದೂ ಅಷ್ಟೇ ನಿಜ.

ಇದೇ ಶತಮಾನದಲ್ಲಿ ಐರ್ಲೆಂಡಿನ ಸರದಾರನೊಬ್ಬನಿಗೂ ಇಂಥ ಸಂಕಟ ಬಂದಿತ್ತು. ಇಂಗ್ಲೆಂಡಿನ ದೊರೆ ಮೊದಲನೆಯ ಚಾರ್ಲ್ಸನ ಪರವಾಗಿ ಐರ್ಲೆಂಡನ್ನು ನೋಡಿಕೊಳ್ಳುತ್ತಿದ್ದ ಜೇಮ್ಸ್ ಬಟ್ಲರ್, ಅಂದರೆ ಆರ್ಮಂಡ್ ಪ್ರಭು, ದೊರೆ ಸೋತು ಸೆರೆಯಾದ ಮೇಲೆ 1647ರಲ್ಲಿ ಡಬ್ಲಿನ್ ನಗರವನ್ನು ದೊರೆಯ ವಿರೋಧಿಗಳಾದ ಪಾರ್ಲಿಮೆಂಟಿನವರಿಗೇ ಒಪ್ಪಿಸಬೇಕಾಯಿತು. 1649ರಲ್ಲಿ ದೊರೆಯ ತಲೆ ಹೋಯಿತು. ಮುಂದಿನ ವರ್ಷ ಆರ್ಮಂಡ್ ದೇಶ ಬಿಟ್ಟು, ದೊರೆಯ ಮಗನ ಜೊತೆ ಬಡತನದಲ್ಲಿ ಪರದೇಶಿಯಾಗಿ ಅಲೆದ. 1660ರಲ್ಲಿ ಎರಡನೆಯ ಚಾರ್ಲ್ಸ್ ಪಟ್ಟಕ್ಕೆ ಮರಳಿದಾಗ ಅವನ ನಿಷ್ಠೆ ಫಲ ಕೊಟ್ಟಿತು. ಮರುವರ್ಷ ಡ್ಯೂಕ್ ಪದವಿ ಬಂತು. ಅಬ್ದುಲ್ ರೌಫನಿಗೆ ಆ ದಾರಿ ಇರಲಿಲ್ಲ. ಗಡೀಪಾರಾಗಿ ಕಾಯುವ ಸುಲ್ತಾನ, ಆಸರೆ ಕೊಡುವ ಪರದೇಶ ಯಾವುದೂ ಉಳಿದಿರಲಿಲ್ಲ. ಸಿಕಂದರ್ ಸೆರೆಯಾಳಾಗಿ ಮೊಗಲ್ ಪಾಳೆಯದ ಜೊತೆ ಊರಿಂದೂರಿಗೆ ಸಾಗುತ್ತ, 1700ರ ಏಪ್ರಿಲ್‌ನಲ್ಲಿ ಸಾತಾರದ ಹತ್ತಿರ ಮೂವತ್ತೆರಡು ತುಂಬುವ ಮೊದಲೇ ತೀರಿಕೊಂಡ. ಅವನ ಕೋರಿಕೆಯಂತೆ ದೇಹವನ್ನು ಬಿಜಾಪುರಕ್ಕೆ ತಂದು ಗುರುವಿನ ಪಾದದ ಬಳಿ ಮಣ್ಣುಮಾಡಿದರು. ಗೋಳಗುಮ್ಮಟ ಕಟ್ಟಿಸಿದ ವಂಶದ ಕೊನೆಯ ದೊರೆಗೆ ಮೇಲೆ ಚಾವಣಿಯಿಲ್ಲದ ಸರಳ ಗೋರಿ.

ಅಬ್ದುಲ್ ರೌಫ್ ಬಿಟ್ಟುಹೋದ ಜಹಗೀರು ದೊಡ್ಡದಿತ್ತು, ಕಾಲ ಕೆಟ್ಟದಿತ್ತು. ನವಾಬ ಅಬ್ದುಲ್ ಮಜೀದ್ ಖಾನ್ 1747ರ ಹೊತ್ತಿಗೆ ಮರಾಠ ಸೇನಾನಿ ಸದಾಶಿವರಾವ್ ಭಾವುವಿನ ದಂಡಿಗೆ ಮಣಿದು ಹಲವು ಮಹಾಲುಗಳನ್ನು ಪೇಶ್ವೆಗೆ ಬಿಟ್ಟುಕೊಟ್ಟ. 1751ರಲ್ಲಿ ಕಡಪ, ಕರ್ನೂಲಿನ ಪಠಾಣ ನವಾಬರ ಜೊತೆಗೂಡಿ ಹೈದರಾಬಾದಿನ ಮುಜಫ್ಫರ್ ಜಂಗನ ಮೇಲೆ ತಿರುಗಿಬಿದ್ದ ಕಾಳಗದಲ್ಲಿ ಸತ್ತ. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾವ್ ಮತ್ತು ಫ್ರೆಂಚ್ ಸೇನಾನಿ ಬುಸಿ ಒಟ್ಟಾಗಿ ಸವಣೂರಿಗೆ ಮುತ್ತಿಗೆ ಹಾಕಿದರು. ನಂತರ ಹೈದರಾಲಿ ಬಂದ. 1779ರಲ್ಲಿ ಎರಡೂ ಮನೆತನಗಳ ನಡುವೆ ಜೋಡಿ ಮದುವೆ ನಡೆಯಿತು: ಹೈದರಾಲಿಯ ಮಗಳು ನವಾಬ ಅಬ್ದುಲ್ ಹಕೀಮ್ ಖಾನನ ಮಗನಿಗೆ, ನವಾಬನ ಮಗಳು ಹೈದರಾಲಿಯ ಎರಡನೆಯ ಮಗ ಕರೀಮನಿಗೆ. ಬೀಗತನ ಊರನ್ನು ಉಳಿಸಲಿಲ್ಲ. 1786ರಲ್ಲಿ ಟಿಪ್ಪು ಸವಣೂರನ್ನು ಹಿಡಿದ, ನವಾಬ ಮರಾಠರ ಪಾಳೆಯಕ್ಕೆ ಓಡಿದ. ಬ್ರಿಟಿಷರ ಕಾಲಕ್ಕೆ ಸಂಸ್ಥಾನದಲ್ಲಿ ಉಳಿದದ್ದು ಸುಮಾರು 70 ಚದರ ಮೈಲಿ, ಇಪ್ಪತ್ತೈದು ಹಳ್ಳಿ.

1948ರಲ್ಲಿ ಸವಣೂರು ಭಾರತದ ಒಕ್ಕೂಟದಲ್ಲಿ ವಿಲೀನವಾಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತು. 1997ರಲ್ಲಿ ಹೊಸದಾಗಿ ರಚನೆಯಾದ ಹಾವೇರಿ ಜಿಲ್ಲೆಯ ತಾಲೂಕಾಯಿತು. ಬಿಜಾಪುರ, ಗೋಲ್ಕೊಂಡಗಳ ಸುಲ್ತಾನರ ವಂಶ ಅಳಿದರೂ ಅವರ ಸರದಾರರಲ್ಲಿ ಒಬ್ಬನ ವಂಶ 262 ವರ್ಷ ಉಳಿಯಿತು. ಅದನ್ನು ಉಳಿಸಿದ್ದು ಮೂರು ಸಂಗತಿಗಳು: ಸೋಲು ಖಚಿತವಾದಾಗ ಷರತ್ತು ಕೇಳುವ ಸ್ಥಿತಿ ಇನ್ನೂ ಇರುವಾಗಲೇ ಅಬ್ದುಲ್ ರೌಫ್ ಮಾತಿಗೆ ಕೂತದ್ದು, ಪರಿಚಯದ ಸೀಮೆಯನ್ನೇ ಜಹಗೀರಾಗಿ ಪಡೆದದ್ದು, ಮತ್ತು ಆ ಸೀಮೆಯ ದೇಸಾಯಿ, ಗೌಡ, ಕುಲಕರ್ಣಿಗಳ ಹಳೆಯ ವ್ಯವಸ್ಥೆ ಹೊಸ ಒಡೆಯನ ಕೆಳಗೂ ಮುಂದುವರಿದದ್ದು. ಅಬ್ದುಲ್ ರೌಫ್ ಖಾನನನ್ನು ಸ್ವಾಮಿದ್ರೋಹಿ ಎನ್ನಲು ಆಧಾರವಿಲ್ಲ, ವೀರನೆಂದು ಹೊಗಳಲೂ ಕಾರಣ ಸಾಲದು. ಉಳಿಸಲಾಗದ ರಾಜ್ಯವನ್ನು ಬಿಟ್ಟು, ಉಳಿಸಬಹುದಾದ ಸೀಮೆಯನ್ನು ಹಿಡಿದುಕೊಂಡ ರಾಜಕಾರಣಿ ಅವನು. ಹಾವೇರಿ ಸೀಮೆಯ ಇತಿಹಾಸದಲ್ಲಿ ಅವನಿಗೆ ಸಲ್ಲಬೇಕಾದ ಸ್ಥಾನ ಇದು.